ಕಾಲಾ ರಾಜಾ ಕೆಳಗಿಳಿದ ಬೆಳಿಗ್ಗೆ

ಎರಡು ವರ್ಷ ಕಾದವಳು ಇನ್ನೊಂದು ಬೆಳಿಗ್ಗೆ ಕಾದಿದ್ದರೆ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಚಿಟ್ಟೆಯ ಹುಚ್ಚು ಹಿಡಿದವರಿಗೆ ಬುದ್ಧಿ ಹೇಳುವುದೂ ಒಂದೇ, ಬೋರ್ಗಲ್ಲ ಮೇಲೆ ನೀರು ಸುರಿಯುವುದೂ ಒಂದೇ. ಬಿಲ್ಕೀಸ್‌ಗೆ ಬೇರೆಯವರು ಹೇಳಿದ್ದರು, ಗುಂಪಿನ ಹಿರಿಯರು ಹೇಳಿದ್ದರು, ಕಡೆಗೆ ಅವಳೇ ಹೊಸಬರಿಗೆ ಹೇಳಿಕೊಟ್ಟಿದ್ದಳು. ಆದರೂ ಮಾಡಿದಳು.

ಬಿಲ್ಕೀಸ್‌ಗೆ ಐವತ್ಮೂರು. ಗಂಡ ಜಿಯಾವುಲ್ಲಾನದು ಕಮರ್ಷಿಯಲ್ ಸ್ಟ್ರೀಟ್‌ನ ಒಳಗಲ್ಲಿಯಲ್ಲಿ ಮ್ಯಾಚಿಂಗ್ ಸೆಂಟರು. ಸೀರೆ ತಂದು ಹರಡಿದವರಿಗೆ ಅದೇ ಬಣ್ಣದ ಬ್ಲೌಸ್ ಪೀಸು ಹುಡುಕಿಕೊಡುವ ಅಂಗಡಿ. ಶಿವಾಜಿನಗರದಲ್ಲಿ ಮನೆಯಿದ್ದಷ್ಟು ಕಾಲ ಅವಳೂ ಗಲ್ಲಾದ ಪಕ್ಕ ಕೂತವಳೇ. ಗಿಳಿಹಸಿರು, ಎಲೆಹಸಿರು, ಪಿಸ್ತಾಹಸಿರು ಅಂತ ಹಸಿರೊಂದರಲ್ಲೇ ಅರವತ್ತು ಬಗೆ ಕಣ್ಣಳತೆಯಲ್ಲಿ ಬೇರೆ ಮಾಡುತ್ತಿದ್ದಳು. ಸಿ.ವಿ. ರಾಮನ್ ನಗರದ ಫ್ಲ್ಯಾಟಿಗೆ ಬಂದ ಮೇಲೆ ಅಂಗಡಿ ದೂರವಾಯಿತು, ಶುಗರ್ ಹತ್ತಿರವಾಯಿತು. ಡಾಕ್ಟರು ನಡೆಯಿರಿ ಅಂದರು. ಕಗ್ಗದಾಸಪುರದ ಕಡೆಯ ಒಂದು ಸಣ್ಣ ಪಾರ್ಕಿನಲ್ಲಿ ನಡೆಯುತ್ತಿದ್ದಾಗ ಬೇಲಿಯ ಮೇಲೆ ಕೂತ ಚಿಟ್ಟೆಯೊಂದರ ರೆಕ್ಕೆಯಲ್ಲಿ ತನ್ನ ಅಂಗಡಿಯಲ್ಲೇ ಇಲ್ಲದ ಹಳದಿಯೊಂದನ್ನು ಕಂಡಳು. ಅಷ್ಟೇ, ಮುಗಿಯಿತು ಕತೆ. ನಡಿಗೆ ನಿಂತುಹೋಯಿತು. ಮದುವೆ ಫೋಟೋ ತೆಗೆಯುವ ತಮ್ಮನ ಮಗ ಓವೈಸ್‌ನ ಹಳೆ ಕ್ಯಾಮೆರಾ ಅವಳ ಕೊರಳಿಗೆ ಬಂತು.

ಭಾನುವಾರದ ಚಿಟ್ಟೆ ಗುಂಪಿಗೆ ಸೇರಿದ ಮೇಲೆ ಗೊತ್ತಾದದ್ದು, ಪಾರ್ಕಿನ ಹುಣಸೆ ಮರದ ತುದಿಯಲ್ಲಿ ಗಿರಕಿ ಹೊಡೆಯುವ ಆ ಕರಿಯ ಮಿಂಚು ಬ್ಲ್ಯಾಕ್ ರಾಜಾ ಅನ್ನುವ ಚಿಟ್ಟೆ ಅಂತ. ಬಿಲ್ಕೀಸ್ ಕರೆದದ್ದು ಕಾಲಾ ರಾಜಾ ಅಂತ. ರಾಜನೇ ಸರಿ, ಹೂವಿನ ಕಡೆ ತಿರುಗಿಯೂ ನೋಡುವವನಲ್ಲ. ಕೊಳೆತ ಹಣ್ಣಿನ ರಸ ಕಂಡರೆ ಮಾತ್ರ ಇಳಿಯುವವನು. ಇಳಿದರೂ ರೆಕ್ಕೆ ಮಡಚಿ ಕೂರುತ್ತಾನೆ. ಗುಂಪಿನವರೆಲ್ಲರ ಹತ್ತಿರ ಮಡಚಿದ ರೆಕ್ಕೆಯ ಫೋಟೋ ಇತ್ತು. ಬಿಚ್ಚಿದ ರೆಕ್ಕೆಯನ್ನು ಮೇಲಿನಿಂದ ಹಿಡಿದವರು ಒಬ್ಬರೂ ಇರಲಿಲ್ಲ.

ಗುಂಪಿನ ಹಿರಿಯರಾದ ರಿಜ್ವಾನ್ ಸಾಹೇಬರು ಹಣ್ಣು ಕೊಳೆಸುವುದನ್ನು ಕಲಿಸಿದ್ದರು. ಬಾಳೆಹಣ್ಣು, ಅನಾನಸ್ ಸಿಪ್ಪೆ, ಬೆಲ್ಲ, ಮೂರು ದಿನ ಬಿಸಿಲು. ಜೊತೆಗೆ ಎರಡು ಮಾತನ್ನೂ ಗಟ್ಟಿಯಾಗಿ ಹೇಳಿದ್ದರು. "ಒಂದು, ತಲೆಗಿಂತ ಎತ್ತರದಲ್ಲಿ ಕೊಂಬೆಗೆ ಕಟ್ಟಿ. ಮಕ್ಕಳ ಕೈಗೆ, ನಾಯಿ ಬಾಯಿಗೆ ಸಿಗ್ಬಾರ್ದು. ಎರಡು, ಇಟ್ಟವರೇ ಎತ್ಕೊಂಡು ಹೋಗ್ಬೇಕು. ಬೇಸಿಗೇಲಿ ಅದರ ವಾಸನೆಗೆ ಚಿಟ್ಟೆ ಮಾತ್ರ ಬರಲ್ಲ."

ಬಿಲ್ಕೀಸ್ ಒಂದು ತಿಂಗಳು ಕೊಂಬೆಗೇ ಕಟ್ಟಿದಳು. ಎತ್ತರದಲ್ಲಿ ಕಟ್ಟಿದರೆ ಕೆಳಗೆ ನಿಂತವರಿಗೆ ಕಾಣುವುದು ಚಿಟ್ಟೆಯ ಹೊಟ್ಟೆ. ಬಿಚ್ಚಿದ ರೆಕ್ಕೆಯ ಬೆನ್ನು ಕಾಣಬೇಕಾದರೆ ಅದು ನೆಲದಲ್ಲಿರಬೇಕು, ನಾವು ಮೇಲಿರಬೇಕು. ಹಾಗಾಗಿ ಸೋಮವಾರ ಸಂಜೆ ಕೇಕಿನ ಡಬ್ಬಿಯ ಮುಚ್ಚಳದಲ್ಲಿ ಹಣ್ಣನ್ನು ಹರಡಿ, ಹುಣಸೆ ಮರದ ಬೇರಿನ ಸಂದಿಯಲ್ಲಿಟ್ಟು ಬಂದಳು. ಎತ್ತಿಕೊಂಡು ಬರಲೂ ಇಲ್ಲ. ಒಂದು ರಾತ್ರಿ ತಾನೇ, ಬೆಳಿಗ್ಗೆ ಹೇಗೂ ನಾನೇ ಬರುತ್ತೇನಲ್ಲ ಅಂದುಕೊಂಡಳು. ಮನೆಯಲ್ಲಿ ಖಾಲಿ ಡಬ್ಬಿ ಮೂಸಿದ ಜಿಯಾವುಲ್ಲಾ, "ಘರ್ ಮೇ ಸಾರಾಯಿ ದುಕಾನ್ ಖೋಲೀ ಕ್ಯಾ?" ಅಂತ, ಮನೆಯಲ್ಲೇ ಸಾರಾಯಿ ಅಂಗಡಿ ತೆರೆದೆಯಾ ಅಂತ ರೇಗಿಸಿದ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೇ ಏಪ್ರಿಲ್ ಬಿಸಿಲು ಚುರುಗುಟ್ಟುತ್ತಿತ್ತು. ಹದಿನೈದು ಅಡಿ ದೂರದ ಕಲ್ಲುಬೆಂಚಿನ ಮೇಲೆ ನಿಂತು, ಬೇವಿನ ಕಾಂಡಕ್ಕೆ ಒರಗಿ ಬಿಲ್ಕೀಸ್ ಕ್ಯಾಮೆರಾ ಕಣ್ಣಿಗಿಟ್ಟಳು. ಮುಚ್ಚಳದ ಮೇಲೆ ಆಗಲೇ ಎರಡು ಕಡಜಗಳಿದ್ದವು, ಕಪ್ಪು ಮೈಗೆ ನಡುವೆ ಅರಿಸಿನದ ಪಟ್ಟಿ. ನೋಡುನೋಡುತ್ತ ನಾಲ್ಕಾದವು, ಆಮೇಲೆ ಏಳು. ಬಂದರೆ ಬರಲಿ, ಅವಕ್ಕೂ ಹಸಿವು ಅಂದುಕೊಂಡಳು. ಆಗಲೇ ಇಳಿದು ಹೋಗಿ ಮುಚ್ಚಳ ಎತ್ತಬೇಕಿತ್ತು. ಎತ್ತಲಿಲ್ಲ, ಯಾಕೆಂದರೆ ಮರದ ತುದಿಯಿಂದ ರಾಜಾ ಇಳಿಯತೊಡಗಿದ್ದ.

ಮೊದಲು ಕಾಂಡದ ಮೇಲೆ ಕೂತ. ಆಮೇಲೆ ಬೇರಿನ ಮೇಲೆ. ಆಮೇಲೆ ನೇರ ಮುಚ್ಚಳದ ಅಂಚಿಗೆ. ಕಡಜಗಳನ್ನು ಭುಜದಿಂದ ನೂಕಿ ಜಾಗ ಮಾಡಿಕೊಂಡು ಸೊಂಡಿಲು ಚಾಚಿದ. ಬಿಲ್ಕೀಸ್ ಉಸಿರು ಬಿಗಿಹಿಡಿದಳು. ಅವಳ ಬೆರಳು ಬಟನ್ನಿನ ಮೇಲಿತ್ತು, ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುತ್ತಿತ್ತು. ರಾಜಾ ರೆಕ್ಕೆಯನ್ನು ಒಮ್ಮೆ ಅರ್ಧ ತೆರೆದು ಮುಚ್ಚಿದ. ಮತ್ತೊಮ್ಮೆ ತೆರೆದ, ಈ ಸಲ ಪೂರ್ತಿ. ಕಪ್ಪಿನ ನಡುವೆ ಕೆನೆಬಣ್ಣದ ಪಟ್ಟಿ, ಹಿಂದೆ ಎರಡೆರಡು ಪುಟ್ಟ ಬಾಲ. ಯಾ ಅಲ್ಲಾ ಅಂದಿತು ಅವಳ ಮನಸ್ಸು. ಕ್ಯಾಮೆರಾ ಕಿರ್ರೆಂದು ಒಂದೇ ಸಮ ಓಡಿತು.

ಆಗ ಚೌಕಟ್ಟಿನ ಎಡ ಅಂಚಿನಲ್ಲಿ ಕೆಂಪಗೆ ಏನೋ ಬಂತು.

ಏನು ಅಂತ ಅವಳಿಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಆಮೇಲೆ ಎಷ್ಟು ಸಲ ತನಗೆ ತಾನೇ ಹೇಳಿಕೊಂಡರೂ, ಗೊತ್ತಾಗಿತ್ತು. ಬೇಸಿಗೆ ರಜೆ ಶುರುವಾದಂದಿನಿಂದ ದಿನಾ ಹುಣಸೆಕಾಯಿ ಆರಿಸಲು ಬರುವ ಏಳು ವರ್ಷದ ಮಾರಿಯಾಳ ಕೆಂಪು ಚಪ್ಪಲಿ ಅದು. "ಮಗಾ, ನಿಲ್ಲು" ಅಂತ ಒಂದು ಕೂಗು ಹಾಕಿದ್ದರೆ ಸಾಕಿತ್ತು. ಕೂಗಿದರೆ ರಾಜಾ ಹಾರುತ್ತಿದ್ದ. ಒಂದೇ ಒಂದು ಸೆಕೆಂಡು ಅಂತ ಬಿಲ್ಕೀಸ್ ಬಾಯಿ ಮುಚ್ಚಿಕೊಂಡಳು. ಬೆರಳು ಬಟನ್ನಿನ ಮೇಲೇ ಇತ್ತು. ಕಾಯಿಯೊಂದನ್ನು ಹೆಕ್ಕಲು ಬಗ್ಗಿದ ಮಗುವಿನ ಪಾದ ನೆಟ್ಟಗೆ ಮುಚ್ಚಳದ ಮೇಲೆ ಬಿತ್ತು.

ಆ ಚೀರಾಟಕ್ಕೆ ಇಡೀ ಪಾರ್ಕೇ ಎದ್ದು ನಿಂತಿತು.

ಮೊದಲು ತಲುಪಿದವಳು ಪಾರ್ಕಿನಲ್ಲಿ ಕಸ ಗುಡಿಸುವ, ಗಿಡಕ್ಕೆ ನೀರು ಬಿಡುವ ಸಾಬಮ್ಮ. ಸೆರಗಿನಿಂದ ಕಡಜಗಳನ್ನು ಬಡಿಬಡಿದು ಓಡಿಸಿ, ಮಗುವನ್ನು ಬಾಚಿ ಎದೆಗೊತ್ತಿಕೊಂಡು ಗೇಟಿನ ಕಡೆ ಓಡಿದಳು. ಮಾರಿಯಾಳ ಕತ್ತಿಗೊಂದು, ಕೆನ್ನೆಗೊಂದು, ಮುಂಗೈಗೊಂದು. ದೂರದ ಇನ್ನೊಂದು ಬೆಂಚಿನಲ್ಲಿ ಫೋನು ನೋಡುತ್ತಿದ್ದ ತಾಯಿ ಪ್ರಿಯದರ್ಶಿನಿ "ಅಯ್ಯೋ ಆಂಡವರೇ, ಎನ್ ಪುಳ್ಳೆ" ಅಂತ ತಮಿಳಿನಲ್ಲಿ ದೇವರನ್ನೂ ಮಗುವನ್ನೂ ಕೂಗುತ್ತ ಹಿಂದೆಯೇ ಓಡಿಬಂದಳು. ಅಷ್ಟರಲ್ಲಿ ಮಗುವಿನ ತುಟಿ ಊದಿ ದಪ್ಪವಾಗಿತ್ತು, ಉಸಿರೆಳೆದಾಗ ಗೊರಗೊರ ಸದ್ದು ಬರುತ್ತಿತ್ತು. ಆಟೋ ನಿಲ್ಲಿಸಿದವಳು ಬಿಲ್ಕೀಸ್. ಬಾಟಲಿಯ ನೀರು ಕೊಟ್ಟವಳೂ ಅವಳೇ. ತಾಯಿ ಮಗುವನ್ನು ಮಡಿಲಿಗೆ ಹಾಕಿಕೊಂಡು ಆಸ್ಪತ್ರೆಯ ಹೆಸರು ಹೇಳಿದ್ದೇ ಆಟೋ ಹೊರಟಿತು.

"ಇದೇನ್ರೀ ಇದು!" ಬಿಳಿ ಟೋಪಿಯ ಯಜಮಾನರೊಬ್ಬರು ಹುಣಸೆ ಮರದ ಕೆಳಗಿನಿಂದ ಕೂಗಿದರು. ದಿನಾ ಹನ್ನೆರಡು ಸುತ್ತು ಹಾಕಿ, ಹದಿಮೂರನೆಯ ಸುತ್ತಿನಲ್ಲಿ ಪಾರ್ಕಿನ ತಪ್ಪುಗಳನ್ನು ಎಣಿಸುವವರು ಅವರು. "ಕೊಳೆತ ಹಣ್ಣು! ಸಾರಾಯಿ ವಾಸನೆ ಹೊಡೀತಿದೆ. ಇಲ್ಲಿ ಕೂತು ಊಟ ಮಾಡೋರು ಯಾರು?"

ಹುಣಸೆಯ ಕೆಳಗೆ ಕೂತು ಮಧ್ಯಾಹ್ನ ರೊಟ್ಟಿ ತಿನ್ನುವವಳು ಸಾಬಮ್ಮ. ಅದು ಎಲ್ಲರಿಗೂ ಗೊತ್ತಿತ್ತು.

ಅರ್ಧ ಗಂಟೆಯಲ್ಲಿ ಪಾರ್ಕು ನೋಡಿಕೊಳ್ಳುವ ಗುತ್ತಿಗೆದಾರನ ಮೇಸ್ತ್ರಿ ದುರ್ಗೇಶ ಬೈಕಿನಲ್ಲಿ ಬಂದಿಳಿದ. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕೊಳೆತ ಹಣ್ಣಿನ ಫೋಟೋ ಆಗಲೇ ಓಡಾಡಿತ್ತು, ಗುತ್ತಿಗೆದಾರ ಫೋನಿನಲ್ಲಿ ಇವನ ಜನ್ಮ ಜಾಲಾಡಿದ್ದ. ಯಾದಗಿರಿ ಕಡೆಯಿಂದ ಸಾಬಮ್ಮನನ್ನೂ ಅವಳ ಗಂಡ ಪೀರಪ್ಪನನ್ನೂ ಕರೆತಂದು, ಕಗ್ಗದಾಸಪುರದಲ್ಲಿ ಬಾಡಿಗೆ ಕೋಣೆ ಹುಡುಕಿಕೊಟ್ಟವನು ಇದೇ ದುರ್ಗೇಶ. ತನ್ನ ತಲೆ ಉಳಿಯಬೇಕಾದರೆ ಯಾರದಾದರೂ ತಲೆ ಉರುಳಬೇಕಲ್ಲ.

"ನಿನ್ನ ಕರ್ಕೊಂಡು ಬಂದಿದ್ದ ನನ್ನ ತಪ್ಪಾತು ನೋಡು" ಅಂತ ಅಬ್ಬರಿಸಿದ. "ಉಂಡು ಉಳಿದಿದ್ದು ಗಿಡದ ಬುಡಕ್ಕ ಚೆಲ್ಲತಿಯೇನು? ಕೂಸು ಸತ್ತಗಿತ್ತ ಹೋಗಿದ್ರ?"

"ನಾ ಚೆಲ್ಲಿಲ್ರಿ" ಅಂದಳು ಸಾಬಮ್ಮ.

"ಮತ್ಯಾರು ಚೆಲ್ಯಾರ? ಮುಂಜಾನೆ ಆರಕ್ಕ ಕಸ ಗುಡ್ಸಾಕಿ ನೀನು. ನಿನಗ ಕಂಡಿಲ್ಲೇನು?"

ಸಾಬಮ್ಮ ತಲೆ ತಗ್ಗಿಸಿದಳು. ಅವಳ ಬಲಗೈ ಮಣಿಕಟ್ಟಿನವರೆಗೆ ಬಾತಿತ್ತು. ಮಗುವನ್ನು ಬಿಡಿಸುವಾಗ ಅವಳಿಗೂ ಕಡಜ ಕಚ್ಚಿತ್ತು. ಅದನ್ನು ಯಾರೂ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರು ಎಮ್ಮೆಯ ಕೈ ನೋಡುತ್ತಾರೆಯೇ?

ಬಿಲ್ಕೀಸ್ ನಾಲ್ಕು ಮಾರು ದೂರದಲ್ಲಿ ನಿಂತಿದ್ದಳು. ಇಟ್ಟದ್ದು ನಾನು ಅನ್ನಬೇಕು, ಒಂದೇ ಮಾತು. ಆದರೆ ಸುತ್ತ ಹದಿನೈದು ಜನ, ಅವರಲ್ಲಿ ಮೂವರ ಕೈಯಲ್ಲಿ ಫೋನು ಎದ್ದಿತ್ತು. ಬುರ್ಖಾ ಹಾಕಿಕೊಂಡ ಹೆಂಗಸು ಮಕ್ಕಳಾಡುವ ಜಾಗದಲ್ಲಿ ಏನೋ ಇಟ್ಟಳಂತೆ ಅನ್ನುವ ಒಂದು ಸಾಲು ಸಾಕು, ಸಂಜೆಯೊಳಗೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಜಿಯಾವುಲ್ಲಾನ ಅಂಗಡಿ ಬಾಗಿಲಿಗೆ ಎಷ್ಟು ಜನ ಬರುತ್ತಾರೆ?

ಅಷ್ಟರಲ್ಲಿ ಬಿಳಿ ಟೋಪಿಯವರ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಮಗುವಿನ ತಾಯಿ. ಮಾತಾಡಿ ಎಲ್ಲರತ್ತ ತಿರುಗಿದರು. "ಇಂಜೆಕ್ಷನ್ ಕೊಟ್ಟಿದಾರಂತೆ. ಉಸಿರಾಟ ಸರಿಯಾಗಿದೆಯಂತೆ. ಸಂಜೆವರೆಗೂ ಅಲ್ಲೇ ಇಟ್ಕೋತಾರಂತೆ. ದೇವ್ರು ದೊಡ್ಡೋನು."

ಎಲ್ಲರೂ ಉಸಿರು ಬಿಟ್ಟರು. ಬಿಲ್ಕೀಸ್‌ಗೆ ಕಣ್ಣೀರೇ ಬಂತು, ಅಲ್‌ಹಮ್ದುಲಿಲ್ಲಾ ಅಂತ ಮೂರು ಸಲ ಅಂದುಕೊಂಡಳು. ಆದರೆ ಮನುಷ್ಯರ ಮನಸ್ಸಿನಂಥ ಖದೀಮ ಇನ್ನೊಂದಿಲ್ಲ ನೋಡಿ. ಮಗು ಉಳಿಯಿತಲ್ಲ, ಇನ್ನು ಹೇಳಿ ಏನಾಗಬೇಕು ಅಂತ ಅದೇ ಕ್ಷಣ ಲೆಕ್ಕ ಹಾಕಿತು. ಸಾಬಮ್ಮನಿಗೆ ದುರ್ಗೇಶ ನಾಲ್ಕು ಮಾತು ಬೈದು ಬಿಡುತ್ತಾನೆ. ಕೆಲಸ ಹೋದರೂ ಇನ್ನೆಲ್ಲಾದರೂ ಸಿಗುತ್ತದೆ, ಬೇಕಾದರೆ ನಾನೇ ಕೊಡಿಸುತ್ತೇನೆ. ಹೀಗೆ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತ ಲೆನ್ಸಿಗೆ ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿ ಬಿಲ್ಕೀಸ್ ಗೇಟಿನ ಕಡೆ ನಡೆದಳು. ಯಾರೂ ತಡೆಯಲಿಲ್ಲ. ಬೆನ್ನ ಹಿಂದೆ ದುರ್ಗೇಶ, "ಜಾಕೀಟು ಬಿಚ್ಚು. ಸಾಮಾನು ಕೋಣಿ ಕೀಲಿ ಕೊಡು. ನಾಳಿಂದ ಬರಬ್ಯಾಡ" ಅನ್ನುತ್ತಿದ್ದ.

ಗೇಟು ದಾಟಿ, ಹೊಂಗೆಯ ನೆರಳಲ್ಲಿ ನಿಂತು ಕ್ಯಾಮೆರಾ ಆನ್ ಮಾಡಿದಳು. ಯಾಕೆ ಮಾಡಿದಳೋ. ಅಳಿಸಿಬಿಡಬೇಕು ಅಂತಲೇ ಮಾಡಿದ್ದು. ನೋಡಬೇಕು ಅಂತಲೂ ಮಾಡಿದ್ದು. ಹನ್ನೊಂದು ಫ್ರೇಮಿದ್ದವು. ಮೊದಲನೆಯದರಲ್ಲೇ ಕಾಲಾ ರಾಜಾ ರೆಕ್ಕೆ ಬಿಚ್ಚಿ ಕೂತಿದ್ದ, ಒಂದೊಂದು ಗೆರೆಯೂ ಚೊಕ್ಕ. ಇಡೀ ಗುಂಪಿನಲ್ಲಿ ಯಾರ ಹತ್ತಿರವೂ ಇಲ್ಲದ ಫೋಟೋ. ಎರಡನೆಯದು, ಮೂರನೆಯದು. ನಾಲ್ಕನೆಯದರಲ್ಲಿ ಎಡ ಅಂಚಿಗೆ ಕೆಂಪು. ಅವಳು ಕಣ್ಣು ಕಿರಿದು ಮಾಡಿ ಚಿತ್ರವನ್ನು ಹಿಗ್ಗಿಸಿದಳು. ರಾಜನ ಹಿಂದೆ, ದೂರದಲ್ಲಿ, ಮಸುಕಾಗಿ ಒಂದು ಹಸಿರು ಆಕೃತಿಯಿತ್ತು. ಸಾಬಮ್ಮನ ಜಾಕೀಟು. ನಾಲ್ಕನೆಯದರಲ್ಲಿ ಅವಳ ಕೈಯಲ್ಲಿ ಪೊರಕೆಯಿತ್ತು. ಐದನೆಯದರಲ್ಲಿ ಪೊರಕೆ ಇರಲಿಲ್ಲ. ಏಳನೆಯದರಲ್ಲಿ ಓಡುತ್ತಿದ್ದಳು, ಬಾಯಿ ತೆರೆದಿತ್ತು. ಹತ್ತನೆಯದರಲ್ಲಿ ಎರಡೂ ಕೈ ಮುಂದೆ ಚಾಚಿದ್ದವು.

ಅಂದರೆ ಅವಳು ಕೂಗಿದ್ದಳು. ಹದಿನೈದು ಅಡಿಯಲ್ಲಿದ್ದ ತಾನು ಸುಮ್ಮನಿದ್ದಾಗ, ಐವತ್ತು ಅಡಿಯಾಚೆ ಇದ್ದವಳು ಕೂಗುತ್ತ ಓಡಿ ಬರುತ್ತಿದ್ದಳು. ಕಿರ್ರೆನ್ನುವ ಕ್ಯಾಮೆರಾದ ಸದ್ದಿನಲ್ಲಿ ತನಗದು ಕೇಳಿಸಿರಲೂ ಇಲ್ಲ.

ಬಿಲ್ಕೀಸ್ ಏನನ್ನೂ ಅಳಿಸಲಿಲ್ಲ. ಆಮೇಲೆ ಒಳಗೆ ಹೋದಳು.

ಸಾಬಮ್ಮ ಜಾಕೀಟು ಬಿಚ್ಚಿ ಮಡಚುತ್ತಿದ್ದಳು. ಬಾತ ಕೈಯಲ್ಲಿ ಮಡಿಕೆ ಸರಿಯಾಗಿ ಕೂರುತ್ತಿರಲಿಲ್ಲ.

"ಅದನ್ನ ಇಟ್ಟಿದ್ದು ನಾನು" ಅಂದಳು ಬಿಲ್ಕೀಸ್. ದನಿ ಎಷ್ಟು ಸಣ್ಣಗಿತ್ತೆಂದರೆ ಯಾರೂ ತಿರುಗಲಿಲ್ಲ. ಮತ್ತೆ ಗಟ್ಟಿಯಾಗಿ ಅಂದಳು. "ರೀ, ಕೇಳಿ! ಆ ಹಣ್ಣು ಇಟ್ಟಿದ್ದು ನಾನು. ಸಾಬಮ್ಮಂದು ಏನೂ ತಪ್ಪಿಲ್ಲ. ಚಿಟ್ಟೆ ಬರ್ಲಿ ಅಂತ ನಿನ್ನೆ ಸಂಜೆ ಇಟ್ಟೋದೆ. ಎತ್ಬೇಕಿತ್ತು, ಎತ್ಲಿಲ್ಲ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

"ನೀವು ದಿನಾ ಕ್ಯಾಮೆರಾ ಹಿಡ್ಕೊಂಡು ಬರೋರಲ್ವಾ?" ಬಿಳಿ ಟೋಪಿಯವರು ಎರಡು ಹೆಜ್ಜೆ ಮುಂದೆ ಬಂದರು. "ಚಿಟ್ಟೆಗೆ ಹಣ್ಣು ಇಡ್ತಾರಾ ಯಾರಾದ್ರೂ? ಯಾರಿಗೆ ಕಿವಿ ಮೇಲೆ ಹೂ ಇಡ್ತೀರಿ?"

"ಏನ್ ಹಾಕಿದ್ರಿ ಅದ್ರಲ್ಲಿ?" ಬನಿಯನ್ನು ತೊಟ್ಟು ಓಡಲು ಬಂದಿದ್ದ ಒಬ್ಬ ಯುವಕ ಫೋನನ್ನು ನೇರ ಅವಳ ಮುಖಕ್ಕೆ ಹಿಡಿದ. "ಹೇಳಿ, ರೆಕಾರ್ಡ್ ಆಗ್ತಿದೆ. ವಿಷ ಗಿಷ ಏನಾದ್ರೂ ಹಾಕಿದ್ರಾ?"

"ವಿಷ" ಅನ್ನುವ ಮಾತು ಬಿದ್ದದ್ದೇ ತಡ, ಜನ ಹತ್ತಿರ ಸರಿದರು. ಯಾರೋ ಅವಳ ಚೀಲಕ್ಕೆ ಕೈ ಹಾಕಿದರು. ಇನ್ಯಾರೋ ಪೊಲೀಸಿಗೆ ಫೋನ್ ಮಾಡಿ ಅಂದರು. ಓಡಿದರೆ ಮುಗಿಯಿತು, ಅತ್ತರೂ ಮುಗಿಯಿತು. ಸಾಬಮ್ಮ ಗುಡಿಸಿ ತುಂಬಿದ ಕಸದ ಮೊರ ಕಾಲ ಬಳಿಯೇ ಇತ್ತು. ಒಡೆದ ಮುಚ್ಚಳ, ಅದಕ್ಕೆ ಮೆತ್ತಿದ ಕಂದು ಮುದ್ದೆ ಅದರಲ್ಲೇ ಇತ್ತು. ಬಿಲ್ಕೀಸ್ ಬಗ್ಗಿ, ಎರಡು ಬೆರಳಲ್ಲಿ ಆ ಮುದ್ದೆಯನ್ನು ತೆಗೆದು, ಫೋನಿನ ಮುಂದೆಯೇ ಬಾಯಿಗೆ ಹಾಕಿಕೊಂಡಳು.

"ಛೀ ಛೀ, ಏನಮ್ಮ ಅದು!" ಅಂದರು ಬಿಳಿ ಟೋಪಿಯವರು.

ಅವಳು ನುಂಗಿದಳು. "ಬಾಳೆಹಣ್ಣು, ಅನಾನಸ್ ಸಿಪ್ಪೆ, ಬೆಲ್ಲ. ಇನ್ನೇನೂ ಇಲ್ಲ. ಈಗ ರೆಕಾರ್ಡ್ ಆಯ್ತಾ ಮಗಾ?"

ಯುವಕ ಫೋನು ಕೆಳಗಿಳಿಸಿದ. ಸುತ್ತಲಿನ ಬಿಸಿ ಒಂದಿಷ್ಟು ಇಳಿಯಿತು. ಬಿಲ್ಕೀಸ್ ಕ್ಯಾಮೆರಾದ ಪರದೆಯನ್ನು ಅವರತ್ತ ತಿರುಗಿಸಿದಳು. "ಇದೇ ಚಿಟ್ಟೆ. ಇದಕ್ಕೇ ಇಟ್ಟಿದ್ದು. ಇಲ್ಲಿ ಹಿಂದೆ ನೋಡಿ, ಸಾಬಮ್ಮ ಓಡಿ ಬರ್ತಿರೋದು. ಮಗೂನ ಉಳಿಸಿದ್ದು ಅವರು. ಅವರ ಕೈ ನೋಡಿ ಹೇಗಾಗಿದೆ."

ಎಲ್ಲರೂ ಕತ್ತು ಚಾಚಿ ನೋಡಿದರು. ಅವಳು ತೋರಿಸಿದ್ದು ಏಳನೆಯ ಫ್ರೇಮು. ಪರದೆಯನ್ನು ಹಿಡಿದಿದ್ದ ಅವಳ ಹೆಬ್ಬೆಟ್ಟು ಎಡ ಅಂಚಿನ ಮೇಲೆ ಒತ್ತಿಕೊಂಡಿತ್ತು.

ದುರ್ಗೇಶ ಸಾಬಮ್ಮನ ಕೈ ನೋಡಿದ, ಗುಂಪನ್ನು ನೋಡಿದ, ಗಂಟಲು ಸರಿಮಾಡಿಕೊಂಡ. ಗುತ್ತಿಗೆದಾರನಿಗೆ ಹೇಳಲು ಈಗ ಬೇರೊಂದು ಹೆಸರು ಸಿಕ್ಕಿತ್ತಲ್ಲ. "ಹಾಕ್ಕೊ, ಹಾಕ್ಕೊ" ಅಂತ ಜಾಕೀಟನ್ನು ಅವಳ ಕಡೆ ನೂಕಿದ. "ಮೊದ್ಲ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ?" ಬಿಲ್ಕೀಸ್‌ಗೆ ಬಿಳಿ ಟೋಪಿಯವರು ಇನ್ನು ಮುಂದೆ ಈ ಪಾರ್ಕಿಗೆ ಕಾಲಿಡಕೂಡದು ಅಂತ ಹುಕುಂ ಮಾಡಿದರು. ಅವಳು ಆಗಲಿ ಅಂದಳು. ಹೆಸರು, ಫೋನ್ ನಂಬರು ಬರೆಸಿಕೊಂಡರು. ಬರೆಸಿದಳು. ಇನ್ನು ಬೈಯಲು ಏನೂ ಉಳಿಯದಾಗ ಜನ ಚದುರಿದರು.

ಬಿಲ್ಕೀಸ್ ನಲ್ಲಿಯ ಹತ್ತಿರ ಹೋಗಿ ನಾಲ್ಕು ಸಲ ಬಾಯಿ ಮುಕ್ಕಳಿಸಿದಳು. ಸಾಬಮ್ಮ ಅಲ್ಲೇ ನೀರಿಗೆ ಕೈಯೊಡ್ಡಿ ಕೂತಿದ್ದಳು. ಒಳಗೆ ಒಂದು ಥರ ಹಗುರಾಗಿತ್ತು ಬಿಲ್ಕೀಸ್‌ಗೆ. ಸ್ವಲ್ಪ ಹೆಮ್ಮೆಯೂ ಆಗಿತ್ತು ಅಂದರೆ ಸುಳ್ಳಲ್ಲ.

"ನಿಮ್ಗೆ ಗೊತ್ತಿತ್ತಾ ನಾನೇ ಇಟ್ಟಿದ್ದು ಅಂತ?" ಕೇಳಿದಳು.

"ನಿನ್ನಿ ಸಂಜೀಕ ನೋಡೀನ್ರಿ" ಅಂದಳು ಸಾಬಮ್ಮ. "ಮುಂಜಾನಿ ಗುಡಿಸೋವಾಗ್ಲೂ ಕಂಡೀನಿ. ನಿಮ್ಮ ಫೋಟೋದ ಸಾಮಾನು ಅಂತ ಮುಟ್ಟಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ? ಕೆಲ್ಸ ಹೋಗ್ತಿತ್ತಲ್ಲ ನಿಮ್ದು!"

"ಹೇಳಿದ್ರ ಈ ಮಂದಿ ನಿಮ್ಮನ್ನ ಸುಮ್ನ ಬಿಡತಿದ್ರೇನ್ರಿ? ನೀವ ಹೇಳೀರಿ, ಆದ್ರೂ ಹ್ಯಾಂಗ ಮೈಮ್ಯಾಲೆ ಬಂದ್ರು ನೋಡಿದ್ರಿಲ್ಲ. ನಾ ಬೆಟ್ಟು ಮಾಡಿ ತೋರಿಸಿದ್ರ ಏನಾಗ್ತಿತ್ತು?" ಸಾಬಮ್ಮ ನಲ್ಲಿ ನಿಲ್ಲಿಸಿದಳು. "ಕೆಲಸ ಇನ್ನೊಂದು ಸಿಗ್ತದ."

ಬಿಲ್ಕೀಸ್ ಅವಳ ಬಾತ ಕೈ ಹಿಡಿದುಕೊಳ್ಳಲು ಹೋದಳು. ಸಾಬಮ್ಮ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವರ ಮುಂದ ಹೆಬ್ಬೆಟ್ಟು ಇಟ್ಟು ಮುಚ್ಚಿದ್ರಲ್ಲ" ಅಂದಳು, ದನಿಯಲ್ಲಿ ಸಿಟ್ಟಿರಲಿಲ್ಲ. "ಕೂಸು ಆ ಕಡಿಂದನ ಬಂದಿತ್ತು, ಅದರ ಕೆಳಗ ಕೂಸಿನ ಕಾಲಿತ್ತು. ನಾ ಅಷ್ಟು ದೂರದಿಂದ ಒದರಿದೆ. ನೀವು ಅಲ್ಲೇ ಇದ್ರಿ. ಕೂಸು ಬರೋದು ನಿಮಗ ಕಂಡಿತ್ತಲ್ಲ?"

ಇಲ್ಲ ಅನ್ನಬಹುದಿತ್ತು. ಕ್ಯಾಮೆರಾದೊಳಗೆ ಕಣ್ಣಿಟ್ಟವರಿಗೆ ಹೊರಗಿನದು ಕಾಣುವುದಿಲ್ಲ ಅಂದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ.

"ಕಂಡಿತ್ತು" ಅಂದಳು ಬಿಲ್ಕೀಸ್.

ಸಾಬಮ್ಮ ತಲೆಯಾಡಿಸಿದಳು. "ಅದನ್ನ ನನಗ ಹೇಳಿ ಏನು ಮಾಡ್ತೀರಿ? ಅದರ ಅವ್ವಗ ಹೇಳ್ರಿ." ಪೊರಕೆ ಎತ್ತಿಕೊಂಡು, ಎಡಗೈಯಲ್ಲೇ ಹುಣಸೆಯ ಬುಡ ಗುಡಿಸಲು ಹೋದಳು.

ಬಿಲ್ಕೀಸ್ ಚೀಲ ಹೆಗಲಿಗೇರಿಸಿದಳು. ಆಮೇಲೆ ಗೇಟಿನ ಹೊರಗೆ ಬಂದು ಆಟೋಗೆ ಕೈ ಮಾಡಿದಳು. ಎಲ್ಲಿಗಮ್ಮ ಅಂತ ಆಟೋದವನು ಕೇಳಿದ. ಮಗುವನ್ನು ಕರೆದುಕೊಂಡು ಹೋದ ಆಸ್ಪತ್ರೆಯ ಹೆಸರು ಹೇಳಿ ಹತ್ತಿ ಕೂತಳು.